ಹಸಿರು ದೀಪ, ಕಪ್ಪು ಪರದೆ

ಪೂರ್ತಿ ಸತ್ತ ಯಂತ್ರದ ಮೇಲೆ ಶಿವಾನಿಗೆ ಸಿಟ್ಟಿರಲಿಲ್ಲ. ಸತ್ತದ್ದು ಸತ್ತಿತು, ಬಿಚ್ಚಿ, ಸುಟ್ಟ ಭಾಗ ಹುಡುಕಿ, ಹೊಸದು ಹಾಕಿದರೆ ಎದ್ದು ಕೂರುತ್ತದೆ, ಇಲ್ಲವಾದರೆ ಗುಜರಿಗೆ ಹೋಗುತ್ತದೆ. ಅವಳ ಪಿತ್ತ ನೆತ್ತಿಗೇರಿಸುತ್ತಿದ್ದದ್ದು ಅರೆಜೀವದ ಯಂತ್ರಗಳು. ದೀಪ ಹತ್ತುತ್ತದೆ, ಮುಂದೆ ಏನೂ ಆಗುವುದಿಲ್ಲ. ಕೇಳಿದ್ದಕ್ಕೆ ಹೂಂ ಎನ್ನದೆ ಊಹೂಂ ಎನ್ನದೆ ಕೂರುವ ಮನುಷ್ಯರನ್ನು ಕಂಡರೆ ಹೇಗೆ ಮೈ ಉರಿಯುತ್ತದೋ ಹಾಗೆ ಅವಳಿಗೆ ಉರಿಯುತ್ತಿತ್ತು. ಆ ಮಂಗಳವಾರ ಸಂಜೆ ಪುಣೆಯ ಕಾತ್ರಜದ ಮನೆಯಲ್ಲಿ, ಊಟದ ಮೇಜಿನ ಮೇಲೆ, ಅವಳೆದುರು ಕೂತಿದ್ದದ್ದು ಅಂಥದೇ ಒಂದು.

ಎರಡು ಅಂಗೈ ಜೋಡಿಸಿದಷ್ಟು ಅಗಲದ ಕಪ್ಪು ಯಂತ್ರ. ನಡುವೆ ಪರದೆ, ಅದರ ಎಡಕ್ಕೂ ಬಲಕ್ಕೂ ಗುಂಡಿಗಳು, ಮೇಲಂಚಿನಲ್ಲಿ ತೋರುಬೆರಳುಗಳಿಗೆಂದು ಇನ್ನೆರಡು ಉದ್ದನೆಯ ಗುಂಡಿಗಳು. ನೋಡಲು ಮಕ್ಕಳ ಆಟಿಕೆ, ಒಳಗೆ ಪೂರಾ ಕಂಪ್ಯೂಟರು. ಆಟ ಆಡಬಹುದು, ಹಾಡು ಕೇಳಬಹುದು, ಬುದ್ಧಿ ಇದ್ದವರು ಅದಕ್ಕೆ ಹೊಸ ಆಟ ಬರೆದು ತುಂಬಲೂಬಹುದು. ಈಗ ಮಾತ್ರ ಸ್ವಿಚ್ಚು ಸರಿಸಿದರೆ ಮೂಲೆಯಲ್ಲಿ ಹಸಿರು ದೀಪ ಹತ್ತುತ್ತಿತ್ತು, ಪರದೆ ಕಪ್ಪಗೇ ಇರುತ್ತಿತ್ತು. ಒಂದು ನಿಮಿಷ ಕಾದರೂ ಅಷ್ಟೇ, ಹತ್ತು ನಿಮಿಷ ಕಾದರೂ ಅಷ್ಟೇ.

ಯಂತ್ರ ರೋಹಿತನದು. ರೋಹಿತನೆಂದರೆ ಹಿಂದಿನ ಭಾನುವಾರ ಪುಣೆ ಬಳಿಯ ದೌಂಡದಿಂದ ಅವಳನ್ನು ನೋಡಲು ಬಂದಿದ್ದ ವರ. ರೈಲ್ವೆಯಲ್ಲಿ ಕಾರಕೂನ. ಜೊತೆಗೆ ತಾಯಿ ಕಾಶವ್ವ, ತಂಗಿ ನೀತಾ. ಹಚ್ಚಿದ ಅವಲಕ್ಕಿ ತಿಂದು, ಎರಡೆರಡು ಸಲ ಚಹಾ ಕುಡಿದು, ಮೂವರೂ ಪ್ರಸನ್ನರಾಗಿಯೇ ಇದ್ದರು. ಹುಡುಗನೂ ಕೆಟ್ಟವನಲ್ಲ. ಚಹಾದ ತಟ್ಟೆ ಹಿಡಿದು ಬಂದಾಗ ಎಲ್ಲ ವರಗಳೂ ಮುಖ ನೋಡುತ್ತಾರೆ; ಇವನು ಅವಳ ಹೆಬ್ಬೆರಳಿನ ಸುಟ್ಟ ಗುರುತು ನೋಡಿ, "ಸೋಲ್ಡರಿಂಗ್ ಕಡ್ಡೀದೇನ್ರಿ?" ಎಂದು ಕೇಳಿದ್ದ. ಆ ಒಂದು ಪ್ರಶ್ನೆಗೆ ಶಿವಾನಿ ಅರ್ಧ ಒಪ್ಪಿಬಿಟ್ಟಿದ್ದಳು. ಉಳಿದರ್ಧಕ್ಕೆ ಅವಳು ತಾನೇ ಬಾಯಿಬಿಟ್ಟು ಮಾತಾಡಿದಳು.

"ಮದುವಿ ಆದಮ್ಯಾಲೂ ನಾ ಈ ಕೆಲಸ ಬಿಡಂಗಿಲ್ರಿ. ದೌಂಡದಾಗ ನಂದ ಒಂದು ರಿಪೇರಿ ಅಂಗಡಿ ಹಾಕಬೇಕಂತೀನಿ."

ಕಾಶವ್ವನ ಬಾಯಿಗೆ ಹೋಗುತ್ತಿದ್ದ ಚಹಾ ಅರ್ಧದಲ್ಲಿ ನಿಂತಿತು. "ಮದುವಿ ಆದಮ್ಯಾಲೂ ಸ್ಕ್ರೂ ತಿರಿವಿಕೋತ ಕೂಡ್ತೀ ಏನವ್ವಾ? ಅದೇನು ಹೆಣ್ಮಕ್ಕಳ ಕೆಲಸೇನು?"

"ಹೌದ್ರಿ, ನಾ ಹೆಣ್ಮಗಳಲ್ಲೇನು? ನಾ ಮಾಡ್ತೀನಲ್ರಿ."

ಶಿವಾನಿಯ ತಂದೆ ನಿಜಲಿಂಗಪ್ಪ ಕೆಮ್ಮಿದರು. ತಾಯಿ ಕಲ್ಲವ್ವ ಇನ್ನೊಂದಿಷ್ಟು ಅವಲಕ್ಕಿ ಬಡಿಸಲು ಹೊರಟರು. ರೋಹಿತ ಮಾತ್ರ ನಕ್ಕು, "ನೋಡೂಣಲ್ಲ" ಎಂದ. ಆ "ನೋಡೂಣಲ್ಲ" ಹೌದೋ ಅಲ್ಲವೋ ಎಂದು ಶಿವಾನಿ ಎರಡು ದಿನ ತಲೆ ಕೆಡಿಸಿಕೊಂಡಿದ್ದಳು. ಮೂರನೆಯ ದಿನ ಅವನ ಸ್ನೇಹಿತನೊಬ್ಬ ಬಂದು ಒಂದು ಪೊಟ್ಟಣ ಕೊಟ್ಟು ಹೋದ. ಒಳಗೆ ಯಂತ್ರ, ಯಂತ್ರದ ಜೊತೆಗೆ ಚೀಟಿ.

"ರವಿವಾರ ಸಂಜಿಯಿಂದ ಚಾಲೂ ಆಗವಲ್ದು. ಕೆಳಗ ಬಿದ್ದಿಲ್ಲ, ನೀರು ತಾಗಿಲ್ಲ. ಹಡಗದಾಗ ಕೆಲಸಾ ಮಾಡೂ ಗೆಳ್ಯಾ ಹೊರದೇಶದಿಂದ ತಂದಕೊಟ್ಟದ್ದು, ಇಲ್ಲಿ ಯಾರೂ ಮುಟ್ಟಂಗಿಲ್ಲ ಅಂತಾರ. ನೀವು ಇದನ್ನ ಸರಿ ಮಾಡಿದ್ರ, ನಿಮ್ಮ ಅಂಗಡಿ ಬಗ್ಗೆ ಅವ್ವನ ಮುಂದ ನಾನ ಎದಿ ತಟ್ಟಿ ಮಾತಾಡ್ತೀನಿ. ಶನಿವಾರ ಬರ್ತೀನಿ. ರೋಹಿತ."

ಶಿವಾನಿ ಚೀಟಿಯನ್ನು ಮೂರು ಸಲ ಓದಿದಳು. ಐಟಿಐ ಪರೀಕ್ಷೆ ಕೊಟ್ಟು ಆರು ವರ್ಷವಾಗಿತ್ತು. ಪುಣೆಯ ಬುಧವಾರ ಪೇಠೆ ಎಂಬ ಬಡಾವಣೆಯ ಓಣಿಯಲ್ಲಿ, ಇಡೀ ಸಾಲಿನಲ್ಲೇ ರಿಪೇರಿ ಮೇಜಿಗೆ ಕೂತ ಒಬ್ಬಳೇ ಹೆಣ್ಣುಮಗಳಾಗಿ ನಾಲ್ಕು ವರ್ಷ ತೆಗೆದಿದ್ದಳು. ಈಗ ಇನ್ನೊಂದು ಪರೀಕ್ಷೆಯೇ ಎಂದು ಸಿಟ್ಟು ಬಂದಿತು. ತನ್ನನ್ನು ನಂಬಿ ಕಳಿಸಿದ್ದಾನಲ್ಲ ಎಂದು ಖುಷಿಯೂ ಆಯಿತು. ದೌಂಡದ ಸ್ಟೇಷನ್ ರಸ್ತೆಯಲ್ಲಿ ಒಂದು ಮೇಜು, ಬಗ್ಗಿಸಿದರೆ ಬಗ್ಗುವ ಒಂದು ದೀಪ, ತನ್ನದೇ ಹೆಸರಿನ ಬೋರ್ಡು ಕಣ್ಣ ಮುಂದೆ ಬಂದವು. ಅದೆಲ್ಲ ಈ ಅಂಗೈಯಗಲದ ಪೆಟ್ಟಿಗೆಯ ಪರದೆ ಬೆಳಗುವುದರ ಮೇಲೆ ನಿಂತಿತ್ತು.

ಬುಧವಾರ ಅದನ್ನು ಅಂಗಡಿಗೆ ಒಯ್ದಳು. ಅಂಗಡಿಯ ಮಾಲೀಕ ಮೋಹನದಾಸ್ ಹುಬ್ಬಳ್ಳಿಯವರು, ರೇಡಿಯೊ ಕಾಲದಿಂದ ಈ ಓಣಿಯಲ್ಲಿದ್ದವರು. ಕನ್ನಡಕ ಹಣೆಗೇರಿಸಿ, ಯಂತ್ರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಏನಿದು, ಮನೀ ಕೆಲಸಾ?"

"ಹೌದ್ರಿ."

"ಹಂಗಾರ ಊಟದ ಹೊತ್ತಿನಾಗ ಮಾಡು. ಗಿರಾಕೀದು ಏಳು ಮೊಬೈಲು ಕಾಯಕತ್ತಾವು."

ಏಳು ಮೊಬೈಲುಗಳ ಜೊತೆ ಹೆಣಗಾಡಿ, ಒಂದೂವರೆಗೆ ಡಬ್ಬಿಯ ರೊಟ್ಟಿಯನ್ನು ಎಡಗೈಯಲ್ಲಿ ಹಿಡಿದೇ ಶಿವಾನಿ ಯಂತ್ರ ಬಿಚ್ಚಿದಳು. ಆರು ಸ್ಕ್ರೂ. ಅದು ಪುಸ್ತಕದ ಹಾಗೆ ಎರಡು ಹೋಳಾಯಿತು. ಕೆಳಹೋಳಿನಲ್ಲಿ ಮುಖ್ಯ ಬೋರ್ಡು, ಬ್ಯಾಟರಿ, ಮೆಮೊರಿ ಕಾರ್ಡಿನ ಜಾಗ. ಮೇಲ್ಹೋಳಿನಲ್ಲಿ ಪರದೆ ಮತ್ತು ಗುಂಡಿಗಳು, ಅಷ್ಟೇ. ಎರಡನ್ನೂ ಒಂದು ತೆಳ್ಳನೆಯ ಪಟ್ಟಿ ಜೋಡಿಸಿತ್ತು. ಮೇಲ್ಹೋಳನ್ನು ಬಟ್ಟೆಯ ಮೇಲೆ ಮಗುಚಿಟ್ಟು ಅವಳು ಬೋರ್ಡಿನ ಮೇಲೆ ಬಿದ್ದಳು. ರೋಗ ಇದ್ದರೆ ಇಲ್ಲೇ ಇರಬೇಕು, ಮೆದುಳು ಇರುವುದೇ ಇಲ್ಲಿ.

ಮೀಟರು ಹಿಡಿದು ಬ್ಯಾಟರಿ ನೋಡಿದಳು, ಸರಿ ಇತ್ತು. ಚಾರ್ಜಿನ ದಾರಿ ನೋಡಿದಳು, ಸರಿ ಇತ್ತು. ಎಲ್ಲಿ ಎಷ್ಟು ವೋಲ್ಟು ಬರಬೇಕೋ ಅಲ್ಲಿ ಅಷ್ಟು ಬರುತ್ತಿತ್ತು. ಕಾರ್ಡು ತೆಗೆದು ಅದರ ಹಲ್ಲುಗಳನ್ನು ಸ್ಪಿರಿಟ್ಟಿನಲ್ಲಿ ಉಜ್ಜಿ ಹಾಕಿದಳು. ಪರದೆಯ ಪಟ್ಟಿ ಬಿಚ್ಚಿ, ಮತ್ತೆ ಕೂರಿಸಿದಳು. ಒಂದೊಂದು ಕೆಲಸ ಮುಗಿದ ಮೇಲೂ ಉಸಿರು ಬಿಗಿಹಿಡಿದು ಸ್ವಿಚ್ಚು ಸರಿಸುತ್ತಿದ್ದಳು. ಹಸಿರು ದೀಪ, ಕಪ್ಪು ಪರದೆ. ಐದು ಸಲ ನೋಡಿದಳು, ಆರು ಸಲ ನೋಡಿದಳು. ದೀಪ ಹಲ್ಲು ಕಿಸಿದು ನಗುತ್ತಿದೆ ಅನ್ನಿಸತೊಡಗಿತು.

ಪಕ್ಕದ ಅಂಗಡಿಗೆ ಚಹಾ ಕೊಡಲು ಬಂದವನು ಇಣುಕಿ, "ಕಾಯ ತಾಯಿ, ಝಾಲಾ ಕಾ ಚಾಲೂ?" ಏನಕ್ಕಾ, ಚಾಲೂ ಆಯಿತೇ ಎಂದು ಮರಾಠಿಯಲ್ಲಿ ಕೇಳಿದ.

"ನಾಹಿ," ಎಂದಳು ಶಿವಾನಿ. ಅವನು ಹೋದ ಮೇಲೂ ಇನ್ನೊಂದು ಸಲ "ನಾಹಿ" ಎಂದಳು, ಯಂತ್ರಕ್ಕೆ.

ಮೂರು ಗಂಟೆಗೆ ಮೋಹನದಾಸ್ ಬಂದು ನಿಂತರು. ಎರಡು ನಿಮಿಷ ನೋಡಿ ತೀರ್ಪು ಕೊಟ್ಟರು. "ಮದರ್‌ಬೋರ್ಡ್ ಹೋಗ್ಯಾದ. ಮುಚ್ಚು, ಆಗಂಗಿಲ್ಲ ಅಂತ ಹೇಳಿ ಕಳಸು."

ಅವರಿಗೆ ಅರ್ಧ ಗಂಟೆಯಲ್ಲಿ ಸಿಗದ ಎಲ್ಲ ರೋಗಕ್ಕೂ ಮದರ್‌ಬೋರ್ಡ್ ಎಂದೇ ಹೆಸರು. "ಬೋರ್ಡ್ ಹೋದ್ರ ವೋಲ್ಟೇಜು ಹಿಂಗ ನೆಟ್ಟಗ ಬರ್ತಿತ್ತೇನ್ರಿ?" ಎಂದು ಶಿವಾನಿ ಕೇಳಿದಳು.

"ಹಂಗಾರ ನೀನ ನೋಡವ್ವಾ, ನೀ ಶಾಣ್ಯಾಕಿ," ಎಂದು ಅವರು ಕನ್ನಡಕ ಇಳಿಸಿಕೊಂಡು ಹೋದರು. ಶಾಣ್ಯಾಕಿಗೆ ಏನೂ ಹೊಳೆಯಲಿಲ್ಲ.

ಮನೆಯಲ್ಲಂತೂ ಇನ್ನೊಂದು ಗೋಳು. ನಿಜಲಿಂಗಪ್ಪ ಕಾತ್ರಜದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುವವರು. ಬೆಳಗಾವಿ ಲಾರಿ ಎಲ್ಲಿ ನಿಂತಿದೆ, ಎಷ್ಟೊತ್ತಿಗೆ ಬರುತ್ತದೆ ಎಂದು ದಿನವಿಡೀ ಫೋನಿನಲ್ಲಿ ಕೇಳುವ ಚಟ ಅವರದು. ಅದೇ ದನಿಯಲ್ಲಿ ಈಗ ಮಗಳನ್ನು ಕೇಳುತ್ತಿದ್ದರು. ಮಧ್ಯಾಹ್ನ ಒಮ್ಮೆ ಫೋನು, ಸಂಜೆ ಒಮ್ಮೆ ಫೋನು. ಕಲ್ಲವ್ವನಿಗೆ ಫೋನೂ ಬೇಕಿರಲಿಲ್ಲ. ಅಡುಗೆಮನೆಯಿಂದ ಹತ್ತು ನಿಮಿಷಕ್ಕೊಮ್ಮೆ, "ಆತೇನು?" ಎಂಬ ಕೂಗು ಬರುತ್ತಿತ್ತು.

"ಆಗಿದ್ರ ಹೇಳಂಗಿಲ್ಲೇನು, ಯವ್ವಾ?"

"ಕೇಳಿದ್ರ ತಪ್ಪೇನು? ಅವ್ರ ಮನಿಯಿಂದ ಮೊದಲ ಸಲ ಒಂದು ವಸ್ತು ಬಂದದ. ಕೆಟ್ಟ ಹೋತು ಅಂತ ವಾಪಸ್ ಕೊಟ್ರ ಚಂದ ಕಾಣ್ತದೇನು?"

"ನಾ ಕೆಡಿಸಿಲ್ಲ. ಕೆಟ್ಟದ್ದ ಬಂದದ."

"ಅದು ನಿನಗ ಗೊತ್ತು. ಕಾಶವ್ವಗ ಯಾರು ಹೇಳವ್ರು?"

ಗುರುವಾರ ಪುಣೆಯಲ್ಲಿ ಕರೆಂಟಿಲ್ಲದ ದಿನ, ಓಣಿಯ ಅಂಗಡಿಗಳೂ ಬಂದ್. ಬೆಳಗಿನ ಬಿಸಿಲು ಬೀಳುವ ಕಿಟಕಿಯ ಬಳಿ ಚಾಪೆ ಹಾಸಿ ಶಿವಾನಿ ಮತ್ತೆ ಬಿಚ್ಚಿದಳು. ಈ ಸಲ ಭೂತಗನ್ನಡಿ ಹಿಡಿದು ಬೋರ್ಡಿನ ಒಂದೊಂದು ಕಾಲನ್ನೂ ಎಣಿಸಿದವಳ ಹಾಗೆ ನೋಡಿದಳು. ಎಲ್ಲೂ ಬಿರುಕಿಲ್ಲ, ಸುಟ್ಟ ಕಲೆಯಿಲ್ಲ, ತುಕ್ಕಿಲ್ಲ. ರೋಹಿತನ ಚೀಟಿ ನಿಜವೇ ಹೇಳಿತ್ತು. ಯಂತ್ರ ಬಿದ್ದಿರಲಿಲ್ಲ, ನೀರೂ ಕುಡಿದಿರಲಿಲ್ಲ. ಕುತ್ತಿಗೆ ನೋಯುತ್ತಿತ್ತು. ಹತ್ತೂವರೆಗೆ ಎದ್ದು ಮೈಮುರಿಯುವಾಗ ಮೊಣಕಾಲು ತಾಗಿ ಸ್ಕ್ರೂಗಳನ್ನಿಟ್ಟ ಬಟ್ಟಲು ಮಗುಚಿತು. ಆರರಲ್ಲಿ ಐದು ಸಿಕ್ಕವು.

ಅವಳು ನೆಲಕ್ಕೆ ಕೆನ್ನೆ ಹಚ್ಚಿ ಕಪಾಟಿನ ಕೆಳಗೆ ಹುಡುಕುತ್ತಿದ್ದಾಗ ಕಲ್ಲವ್ವ ಪೊರಕೆ ಹಿಡಿದು ಬಂದರು.

"ಏನು ಬಿತ್ತ? ಸರಿ, ಕಸಾ ಹೊಡದ್ರ ಸಿಗತದ."

"ಮುಟ್ಟಬ್ಯಾಡ!" ಶಿವಾನಿ ಕಿರುಚಿದ್ದು ಕೆಳಗಿನ ಮನೆಯವರಿಗೂ ಕೇಳಿಸಿತು. "ಒಂದ ಒಂದು ದಿನಾ ನನ್ನ ಪಾಡಿಗೆ ನನ್ನ ಬಿಡಂಗಿಲ್ಲೇನು ನೀವು? ನೀವೆಲ್ಲಾ ತಲೀ ಮ್ಯಾಲ ನಿಂತ್ರ ಇದು ಹೆಂಗ ರಿಪೇರಿ ಆಗಬೇಕು?"

ಕಲ್ಲವ್ವ ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಶಿವಾನಿಗೆ ನಾಚಿಕೆಯಾಯಿತು. ಸ್ಕ್ರೂ ಅವಳ ಓಢಣಿಯ ಅಂಚಿನಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ನೋಡಿ ಅಳು ಬಂದಿತು, ಅಳು ಬಂದದ್ದಕ್ಕೆ ಮತ್ತೆ ಸಿಟ್ಟು ಬಂದಿತು. ಯಂತ್ರವನ್ನು ಮುಚ್ಚಿ, ಸ್ಕ್ರೂ ಬಿಗಿದು, ಸ್ವಿಚ್ಚು ಸರಿಸಿದಳು. ಹಸಿರು ದೀಪ. ಅದನ್ನು ಎತ್ತಿ ಕಿಟಕಿಯಿಂದಾಚೆ ಹೆದ್ದಾರಿಯ ಲಾರಿಗಳ ಕೆಳಗೆ ಎಸೆಯುವ ಆಸೆ ಎಷ್ಟು ಜೋರಾಗಿತ್ತೆಂದರೆ, ಅವಳು ಯಂತ್ರವನ್ನು ದಿಂಬಿನ ಕೆಳಗೆ ಇಟ್ಟು ದಿಂಬಿನ ಮೇಲೆ ಕೂತಳು.

ಶನಿವಾರಕ್ಕೆ ಒಂದು ದಿನ ಉಳಿದಿತ್ತು. ಆಗುವುದಿಲ್ಲ ಎಂದು ಹೇಳಿ ಕಳಿಸಿದರೆ ಏನಾಗುತ್ತದೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ರೋಹಿತ ಒಳ್ಳೆಯ ಮಾತಿನಲ್ಲೇ ಹೇಳುತ್ತಾನೆ. ಕಾಶವ್ವ ಒಳ್ಳೆಯ ಮಾತಿನಲ್ಲೇ ನಗುತ್ತಾರೆ. ಮದುವೆಯೂ ಒಳ್ಳೆಯ ಮಾತಿನಲ್ಲೇ ನಡೆದುಹೋಗುತ್ತದೆ. ಆಮೇಲೆ ಅವಳ ಕಡ್ಡಿ, ಮೀಟರು, ಚಿಮಟಿಗಳೆಲ್ಲ ಒಂದು ಡಬ್ಬಿಯಲ್ಲಿ ಅಟ್ಟಕ್ಕೇರುತ್ತವೆ.

ಶುಕ್ರವಾರ ಬೆಳಗ್ಗೆ ಬಸ್ಸು ಹಿಡಿಯುವ ಮೊದಲು ಕಾತ್ರಜದ ಸೈಬರ್ ಕೆಫೆಗೆ ಹೋದಳು. ಈ ಯಂತ್ರ ಕೊಂಡವರು ಲೋಕದ ಮೂಲೆಮೂಲೆಯಲ್ಲಿ ಕೂತು ಅದರ ಮೇಲೆ ಗೊಣಗುವ ಒಂದು ಜಾಲತಾಣ ಸಿಕ್ಕಿತು. ಪುಟ ತೆರೆದುಕೊಳ್ಳುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಸಬಹುದಿತ್ತು. ಪರದೆ ಒಡೆದವರು, ಕಾರ್ಡು ಕಳೆದವರು, ಹೆಂಡತಿ ಬೈದವರು, ಎಲ್ಲರ ಗೋಳನ್ನೂ ಓದಿಕೊಂಡು ಹೋದಳು. ಕೊನೆಗೆ ಯಾರೋ ಒಬ್ಬ, ಯಾರಿಗೋ ಬರೆದ ನಾಲ್ಕು ಸಾಲು ಕಣ್ಣಿಗೆ ಬಿದ್ದವು. ಮೇಲಂಚಿನ ಎಡಗುಂಡಿಯನ್ನು ಒತ್ತಿ ಹಿಡಿದು ಸ್ವಿಚ್ಚು ಹಾಕಿದರೆ ಯಂತ್ರ ಶುರುವಾಗುವುದಿಲ್ಲ. ಒಳಗಿನ ಪ್ರೋಗ್ರಾಮನ್ನೇ ಬದಲಿಸಲು ಬಂದಿದ್ದಾರೆಂದು ತಿಳಿದು, ಹೊಸ ಪ್ರೋಗ್ರಾಮಿಗಾಗಿ ಕಾಯುತ್ತ ಕೂರುತ್ತದೆ. ಆಗ ಹಸಿರು ದೀಪ ಮಾತ್ರ ಇರುತ್ತದೆ, ಪರದೆ ಕಪ್ಪಗಿರುತ್ತದೆ.

ಶಿವಾನಿ ಅದನ್ನು ಬೆರಳಿಟ್ಟು ಓದಿದಳು. ಹಾಗಾದರೆ ಇದು ಸತ್ತಿಲ್ಲ, ಕೆಟ್ಟೂ ಇಲ್ಲ, ಕಾಯುತ್ತಿದೆ. ಆದರೆ ಗುಂಡಿಯನ್ನು ಯಾರೂ ಒತ್ತಿ ಹಿಡಿದಿಲ್ಲವಲ್ಲ! ಅಲ್ಲೇ ಚೀಲದಿಂದ ಯಂತ್ರ ತೆಗೆದು ಮೇಲಂಚಿನ ಎರಡೂ ಗುಂಡಿಗಳನ್ನು ಒತ್ತಿ ನೋಡಿದಳು. ಬಲಗಡೆಯದು ಟಕ್ ಎಂದಿತು. ಎಡಗಡೆಯದು ಒತ್ತಿದರೆ ಕೂರುತ್ತಿತ್ತು, ಏಳುತ್ತಿತ್ತು, ಟಕ್ ಎನ್ನುತ್ತಿರಲಿಲ್ಲ. ಮೊದಲ ದಿನದಿಂದ ಅದು ಹಾಗೇ ಇತ್ತು. ಹೊಸ ಯಂತ್ರ, ಎಡಗುಂಡಿ ಸ್ವಲ್ಪ ಗಟ್ಟಿ ಇರಬಹುದು ಎಂದುಕೊಂಡು ಬಿಟ್ಟಿದ್ದಳು. ಮೂರು ದಿನ ಬೋರ್ಡಿನ ಮೆದುಳನ್ನು ಕೆದಕುತ್ತ ಕೂತವಳು, ಬಟ್ಟೆಯ ಮೇಲೆ ಮಗುಚಿಟ್ಟ ಮೇಲ್ಹೋಳನ್ನು ಒಂದು ಸಲವೂ ಮೀಟರಿನಿಂದ ಮುಟ್ಟಿರಲಿಲ್ಲ. ತನ್ನ ತಲೆಗೆ ತಾನೇ ಮೊಟಕಿಕೊಂಡಳು. ಕೆಫೆಯವನು ತಿರುಗಿ ನೋಡಿದ.

ಅಂಗಡಿಗೆ ಮುಟ್ಟಿದವಳೇ, ಗಿರಾಕಿಗಳನ್ನೂ ನೋಡದೆ, ಊಟದ ಹೊತ್ತಿಗೂ ಕಾಯದೆ, ಯಂತ್ರ ಬಿಚ್ಚಿದಳು. ಎಡಗುಂಡಿಯ ಕಾಲುಗಳಿಗೆ ಮೀಟರಿನ ಕಡ್ಡಿ ಹಿಡಿದಳು. ಯಾರೂ ಒತ್ತದಿದ್ದರೂ ಮೀಟರು ಕುಂಯ್ ಎಂದು ಕೂಗಿತು. ಗುಂಡಿಯ ಪ್ಲಾಸ್ಟಿಕ್ಕನ್ನು ಚಿಮಟಿಯಿಂದ ಎತ್ತಿದಾಗ, ಅದರ ಅಡಿಯಲ್ಲಿ, ಪುಟ್ಟ ಸ್ವಿಚ್ಚಿನ ತಲೆಯ ಮೇಲೆ, ಅರಿಶಿನ ಬಣ್ಣದ್ದೇನೋ ಅಂಟಿಕೊಂಡು ಕೂತಿತ್ತು. ಅದನ್ನು ಮೆಲ್ಲಗೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಬೆಲ್ಲದ ಅಂಟು ಹತ್ತಿದ ಒಂದು ಅಕ್ಕಿಕಾಳು.

ಎಲ್ಲಿಂದ ಬಂತೆಂದು ಯೋಚಿಸಬೇಕಾಗಿರಲಿಲ್ಲ. ಭಾನುವಾರ ಅವರು ಹೊರಡುವಾಗ ಕಲ್ಲವ್ವ ಪದ್ಧತಿಯಂತೆ ಕಾಶವ್ವನಿಗೂ ನೀತಾಳಿಗೂ ಉಡಿ ತುಂಬಿದ್ದರು. ಅರಿಶಿನ ಹಚ್ಚಿದ ಅಕ್ಕಿ ಐದೈದು ಹಿಡಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲದ ತುಂಡು. ಕಾಶವ್ವ ಸೆರಗೊಡ್ಡಿದರು. ಚೂಡಿದಾರ ಹಾಕಿದ್ದ ನೀತಾ ಓಢಣಿಯೊಡ್ಡಿದಳು. ಜರ್ರನೆ ಜಾರುವ ಆ ಓಢಣಿಯಲ್ಲಿ ಅಕ್ಕಿ ನಿಲ್ಲದೆ, ಎಲ್ಲವನ್ನೂ ತನ್ನ ಪರ್ಸಿಗೆ ಸುರಿದುಕೊಂಡಳು. ಉಡಿ ಅಕ್ಕಿ ಚೆಲ್ಲಬಾರದೆಂದು ಕಲ್ಲವ್ವ ನೆಲದ ಮೇಲಿನ ಕಾಳನ್ನೂ ಆರಿಸಿ ಆರಿಸಿ ಆ ಪರ್ಸಿಗೇ ತುರುಕಿದ್ದರು. ಹೆಣ್ಣು ನೋಡಲು ಬಂದವನ ಕಿಸೆಯಲ್ಲಿ ಆಟದ ಸಾಮಾನು ಉಬ್ಬಿ ಕಾಣಬಾರದೆಂದು ರೋಹಿತ ಯಂತ್ರವನ್ನು ತಂಗಿಯ ಪರ್ಸಿನಲ್ಲಿಟ್ಟಿದ್ದಿರಬೇಕು; ಅದು ಕಲ್ಲವ್ವನಿಗೆ ಹೇಗೆ ತಿಳಿಯಬೇಕು? ದೌಂಡದವರೆಗೆ ರೈಲು ಕುಲುಕಿದ ಕುಲುಕಿಗೆ ಗುಂಡಿ ಒತ್ತಿಕೊಂಡು, ಸಂದಿ ತೆರೆದು, ಒಂದು ಕಾಳು ಒಳಗೆ ಹೋಗಿ ಕೂತಿತ್ತು.

ಗುಂಡಿ ಒರೆಸಿ, ಮುಚ್ಚಿ, ಸ್ವಿಚ್ಚು ಸರಿಸಿದಳು. ಪರದೆ ಬೆಳಗಿತು. ಯಾವುದೋ ಸಂಗೀತ ಟಿಂವ್ ಟಿಂವ್ ಎಂದು ಶುರುವಾಯಿತು. ಮೋಹನದಾಸ್ ಅಲ್ಲಿಂದಲೇ, "ಮದರ್‌ಬೋರ್ಡ್ ಅಲ್ಲೇನು ಹಂಗಾರ?" ಎಂದರು. ಶಿವಾನಿ ನಕ್ಕಳು. ನಗು ಬಹಳ ಹೊತ್ತು ಉಳಿಯಲಿಲ್ಲ. ಮೂರು ದಿನದ ಹೆಣಗಾಟ, ಕುತ್ತಿಗೆ ನೋವು, ತಾಯಿಯ ಮೇಲೆ ಹಾರಿಬಿದ್ದದ್ದು, ಎಲ್ಲದರ ಕೊನೆಗೆ ಸಿಕ್ಕಿದ್ದು ಇದು. ಯಾರಿಗಾದರೂ ಹೇಳಿದರೆ ಇದು ಕೆಲಸದ ಹಾಗೆ ಕೇಳಿಸುತ್ತದೆಯೇ?

ಸಂಜೆ ಮನೆಯಲ್ಲಿ ಕಾಳು ನೋಡಿದ್ದೇ ಕಲ್ಲವ್ವನ ಮುಖ ಕಪ್ಪಿಟ್ಟಿತು. "ಇದನ್ನ ಅವ್ರ ಮುಂದ ಹೇಳಬ್ಯಾಡ. ಉಡಿ ಅಕ್ಕಿಯಿಂದ ಕೆಟ್ಟಾತು ಅಂತ ಕಾಶವ್ವನ ಕಿವಿಗೆ ಬಿದ್ರ ಅಪಶಕುನ ಅಂತಾಳ. ಬ್ಯಾಟರಿ ಹೋಗಿತ್ತು ಅನ್ನು."

"ತಗದದ್ದನ್ನ ಗಿರಾಕಿ ಕೈಯಾಗ ಕೊಡಬೇಕು, ಯವ್ವಾ. ನಮ್ಮ ಅಂಗಡಿ ರೀತಿ ಅದು."

"ಅವ ಗಿರಾಕಿ ಏನು? ನಾಳೆ ನಿನ್ನ ಗಂಡ ಆಗವ!"

ತಾಯಿಯ ಮಾತಿಗಿಂತ ಅವಳ ಸ್ವಂತ ಆಸೆಯೇ ಜೋರಾಗಿತ್ತು. ಸರ್ಕೀಟು ಶಾರ್ಟ್ ಆಗಿತ್ತು, ಒಂದು ಐಸಿ ಬದಲಿಸಿದೆ ಎಂದರೆ ಸಾಕು; ರೋಹಿತ ತಲೆದೂಗುತ್ತಾನೆ, ಕಾಶವ್ವ ಬಾಯಿ ಮುಚ್ಚಿಕೊಳ್ಳುತ್ತಾರೆ. ಯಾರು ಬಿಚ್ಚಿ ನೋಡುತ್ತಾರೆ? ಆದರೆ ರಿಪೇರಿಯಲ್ಲಿ ಸುಳ್ಳು ಹೇಳುವವರನ್ನು ಓಣಿಯಲ್ಲಿ ಅವಳು ದಿನಾ ನೋಡುತ್ತಿದ್ದಳು, ದಿನಾ ಬೈಯುತ್ತಿದ್ದಳು. ಅಂಗಡಿ ಹಾಕುವ ಮೊದಲೇ ಅವರ ಸಾಲಿಗೆ ಸೇರುವುದು ಅವಳಿಂದಾಗಲಿಲ್ಲ. ಕಾಳನ್ನು ಪುಟ್ಟ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಬಾಯಿ ಮಡಿಸಿದಳು.

ಶನಿವಾರ ನಾಲ್ಕಕ್ಕೆ ರೋಹಿತ ಬಂದ, ನೀತಾಳೂ ಬಂದಳು. ಕಲ್ಲವ್ವ ಚಹಾ ತಂದರು. ಶಿವಾನಿ ಯಂತ್ರವನ್ನು ಅವನ ಕೈಗೆ ಕೊಟ್ಟಳು. ಸ್ವಿಚ್ಚು ಸರಿಸಿ, ಪರದೆ ಬೆಳಗಿದ ಕೂಡಲೇ ಅವನು ಕೂಸಿನ ಹಾಗೆ ಅರಳಿದ. "ಅಬ್ಬಬ್ಬಾ! ಭಾಳ ಶಾಣ್ಯಾರಿದ್ದೀರಿ ಬಿಡ್ರಿ. ದೌಂಡದಾಗ ಎಲ್ಲಾರೂ ಕೈ ಎತ್ತಿದ್ರು." ಎರಡು ನಿಮಿಷ ಆಡಿದ. ಆಮೇಲೆ ತಲೆಯೆತ್ತಿ ಕೇಳಿದ, "ಏನಾಗಿತ್ತರಿ?"

ಕಲ್ಲವ್ವ ಬಾಗಿಲ ಬಳಿ ನಿಂತು ಕಣ್ಣು ಬಿಟ್ಟರು. ಶಿವಾನಿ ಲಕೋಟೆ ಚಾಚಿದಳು. "ಎಡಗುಂಡಿ ಒಳಗ ಇದು ಕೂತಿತ್ತು. ಗುಂಡಿ ಒತ್ತಿ ಹಿಡದಂಗಾಗಿ, ಯಂತ್ರ ಹೊಸ ಪ್ರೋಗ್ರಾಮಿಗೆ ಕಾಯ್ಕೋತ ಕೂಡ್ತಿತ್ತು. ಅದಕ್ಕ ಶುರು ಆಗವಲ್ಲದಾಗಿತ್ತು. ಹುಡುಕಾಕ ಮೂರು ದಿನಾ ಹಿಡೀತು."

ರೋಹಿತ ಲಕೋಟೆಯನ್ನು ಬೆಳಕಿಗೆ ಹಿಡಿದ. "ಅಕ್ಕೀ?" ಎಂದ. ನೀತಾ ಪರ್ಸು ಮುಟ್ಟಿಕೊಂಡು, "ಅಯ್ಯ, ನಮ್ಮ ಉಡಿ ಅಕ್ಕಿ!" ಎಂದು ನಕ್ಕಳು. ಅವನೂ ನಕ್ಕ. ಕೆಟ್ಟ ನಗುವಲ್ಲ, ಹಗುರಾದ ಮನಸ್ಸಿನ ನಗು. ಅದೇ ಹಗುರಿನಲ್ಲಿ ಮಾತೂ ಬಂದಿತು.

"ಇಷ್ಟ ಏನ್ರಿ? ಒಂದು ಅಕ್ಕಿಕಾಳಿಗೆ ಮೂರು ದಿನಾ! ಮೊದಲ ಗೊತ್ತಿದ್ರ ನಾನ ತಗೀತಿದ್ದೆ. ಈಗ ಅವ್ವನ ಮುಂದ ಏನಂತ ಎದಿ ತಟ್ಟಲಿ? ಅಕ್ಕಿ ಹಸನ ಮಾಡೂದು ಎಲ್ಲಾ ಹೆಣ್ಮಕ್ಕಳಿಗೂ ಬರ್ತದ ಅಂತಾಳ ಆಕಿ."

ನೀತಾ ನಗುವುದನ್ನು ನಿಲ್ಲಿಸಿದಳು. ಶಿವಾನಿಗೆ ಮೂರು ದಿನಗಳಿಂದ ಬಂದದ್ದು ಹೋದದ್ದು ಎಲ್ಲ ಸಿಟ್ಟೂ ಈಗ ಒಟ್ಟಿಗೆ ಬಂದು, ವಿಚಿತ್ರವೆಂದರೆ, ತಣ್ಣಗಾಯಿತು. ಅವಳು ಕೈ ಚಾಚಿದಳು.

"ಕೊಡ್ರಿ ಇಲ್ಲೆ."

ರೋಹಿತ ಯಂತ್ರ ಕೊಟ್ಟ, ಲಕೋಟೆಯನ್ನೂ ಕೊಟ್ಟ. ಶಿವಾನಿ ಚೀಲದಿಂದ ಸಾಮಾನು ತೆಗೆದಳು. ಆರು ಸ್ಕ್ರೂ ಬಿಚ್ಚಿದಳು. ಮೇಲ್ಹೋಳನ್ನು ಮಗುಚಿ, ಗುಂಡಿ ಎತ್ತಿ, ಚಿಮಟಿಯಿಂದ ಆ ಕಾಳನ್ನು ಇದ್ದ ಜಾಗದಲ್ಲೇ ಕೂರಿಸಿದಳು. ಮುಚ್ಚಿದಳು. ಆರೂ ಸ್ಕ್ರೂ ಬಿಗಿದಳು. ಇಷ್ಟಕ್ಕೆ ನಾಲ್ಕು ನಿಮಿಷವೂ ಹಿಡಿಯಲಿಲ್ಲ; ಅಷ್ಟು ಹೊತ್ತೂ ಮೂವರೂ ಅವಳ ಕೈ ನೋಡುತ್ತಿದ್ದರು. ಸ್ವಿಚ್ಚು ಸರಿಸಿದಳು. ಹಸಿರು ದೀಪ ಹತ್ತಿತು, ಪರದೆ ಕಪ್ಪಗೇ ಉಳಿಯಿತು. ಯಂತ್ರವನ್ನೂ ಸ್ಕ್ರೂಡ್ರೈವರನ್ನೂ ಅವನ ಮುಂದಿಟ್ಟಳು.

"ಹಸನ ಮಾಡ್ರಿ."

"ಅಯ್ಯ ಶಿವಾನಿ!" ಎಂದು ಕಲ್ಲವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ರೋಹಿತ ನಗಲು ನೋಡಿದ, ಆಗಲಿಲ್ಲ. ಸ್ಕ್ರೂಡ್ರೈವರು ತೆಗೆದುಕೊಂಡ. ಒಂದು ಸ್ಕ್ರೂ ಬಿಚ್ಚಿದ, ಎರಡನೆಯದರ ತಲೆ ಸವೆಸಿದ. ಐದನೆಯದನ್ನು ಬಿಚ್ಚಿ ಎಳೆದಾಗ ಪೆಟ್ಟಿಗೆ ಕಟಕ್ ಎಂದಿತು, ಅವನು ಬೆದರಿ ಕೈ ಬಿಟ್ಟ. ಹಣೆಯ ಮೇಲೆ ಬೆವರು ಕಂಡಿತು. ಗೋಡೆಯ ಗಡಿಯಾರ ನಾಲ್ಕೂವರೆ ದಾಟಿತು, ಐದಾಯಿತು. ಚಹಾದ ಮೇಲೆ ಕೆನೆ ಕಟ್ಟಿತು. ಶಿವಾನಿ ತನ್ನ ಚಹಾ ಕುಡಿದು ಮುಗಿಸಿದಳು. ಅವನನ್ನು ನೋಡಿ ಅಯ್ಯೋ ಅನ್ನಿಸಿತು, ಆದರೂ ಕೈ ಮುಂದೆ ಮಾಡಲಿಲ್ಲ. ಐದು ಕಾಲಿಗೆ ಅವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ.

"ತಪ್ಪಾತ್ರಿ," ಎಂದ ತಗ್ಗಿದ ದನಿಯಲ್ಲಿ. "ನೀವ ಮಾಡಿಕೊಡ್ರಿ. ಅವ್ವಗ ನಾ ಹೇಳ್ತೀನಿ."

"ಅವ್ವಗ ಮೊದಲ ಹೇಳಿ ಬರ್ರಿ," ಎಂದಳು ಶಿವಾನಿ. "ಆಮ್ಯಾಲ ಇದನ್ನ ನಮ್ಮ ಅಂಗಡಿಗೆ ತರ್ರಿ. ಅಂಗಡಿ ಸೋಮವಾರ ಹತ್ತಕ್ಕ ತಗೀತದ."